ನೀರು ಬಿಟ್ಟರೆ ಗೇಮ್ ನಿಲ್ಲುತ್ತದೆ, ಏನು ಮಾಡಲಿ?

ಪ್ರಶ್ನೆ: ನಮಸ್ಕಾರ ಅಣ್ಣಾ. ಹಗಲು ಮೊಬೈಲ್ ಅಂಗಡಿಯಲ್ಲಿ ಕೆಲಸ, ರಾತ್ರಿ ಗೊಡೋ (Godot) ಅನ್ನುವ ಗೇಮ್ ಮಾಡುವ ಸಾಫ್ಟ್‌ವೇರ್‌ನಲ್ಲಿ ಒಬ್ಬನೇ ಗೇಮ್ ಮಾಡುತ್ತಿದ್ದೇನೆ. ನಮ್ಮ ನೌಬಾದ್‌ನ ಕರೇಜ್, ಅಂದರೆ ನೆಲದೊಳಗಿನ ಹಳೇ ನೀರಿನ ಸುರಂಗದ ಒಳಗಿನ ಆಟ, ಹುಡುಗ ಹೂಳು ತೆಗೆದು ನೀರು ಹರಿಸಬೇಕು. ಒಂದು ವರ್ಷ ಆಯ್ತು. ಕತ್ತಲೆ, ದೀಪ, ಓಟ ಎಲ್ಲ ಚೆನ್ನಾಗಿ ಬಂದಿದೆ. ಆದರೆ ನೀರು ಬಿಟ್ಟ ಕೂಡಲೇ ಆಟ ತಡವರಿಸುತ್ತದೆ. ಗೆಳೆಯನ 120 ಹರ್ಟ್ಸ್ (ಸೆಕೆಂಡಿಗೆ 120 ಸಲ ಚಿತ್ರ ಬದಲಿಸುವ) ಫೋನಿನಲ್ಲಿ ಹುಡುಗ ಎರಡು ಪಟ್ಟು ಜೋರಾಗಿ ಓಡಿದ. ಮೊನ್ನೆ ಹಾರ್ಡ್ ಡಿಸ್ಕ್ ಕೆಟ್ಟು ಎರಡು ತಿಂಗಳ ಕೆಲಸವೂ ಹೋಯಿತು. ಎಲ್ಲ ಹೊಸದಾಗಿ ಬರೆಯಲಾ, ಬಿಟ್ಟುಬಿಡಲಾ? ಹೇಳಿ.
– ಓದುಗ, ಬೀದರ್

ಉತ್ತರ: ಎರಡೂ ಬೇಡ ತಮ್ಮಾ.

ಓಟದ್ದು ಸಣ್ಣ ಕೆಲಸ. ಫ್ರೇಮಿಗೆ, ಅಂದರೆ ಪರದೆ ಮೇಲೆ ಒಂದು ಸಲ ಮೂಡುವ ಚಿತ್ರಕ್ಕೆ, 4 ಪಿಕ್ಸೆಲ್ ಅಂತ ಏನೋ ಬರೆದಿರಬೇಕು ನೀನು, ಅದು 60 ಫ್ರೇಮ್ ಓಡುವ ಕಂಪ್ಯೂಟರಿನಲ್ಲಿ ಸೆಕೆಂಡಿಗೆ 240 ಆಗುತ್ತದೆ, 120 ಓಡುವ ಫೋನಿನಲ್ಲಿ 480. ವೇಗವನ್ನು ಸೆಕೆಂಡಿಗೆ 240 ಅಂತ ಇಟ್ಟು ಡೆಲ್ಟಾದಿಂದ ಗುಣಿಸು. ಡೆಲ್ಟಾ ಅಂದರೆ ಹಿಂದಿನ ಫ್ರೇಮಿನಿಂದ ಈಚೆಗೆ ಕಳೆದ ಸಮಯ.

ನೀರಿನದು ಸ್ವಲ್ಪ ಕೂತು ಯೋಚಿಸಬೇಕು. ಬಹಮನಿ ಕಾಲದ ಆ ಕರೇಜ್‌ನಲ್ಲಿ ಪಂಪ್ ಎಲ್ಲಿತ್ತು? ನೆಲದೊಳಗಿನ ಕಾಲುವೆಗೆ ಸಣ್ಣ ಇಳಿಜಾರು, ನಡುನಡುವೆ ಗಾಳಿ ಬೆಳಕಿಗೆ ಬಾವಿ, ನೀರು ತಾನಾಗಿ ಹರಿಯುತ್ತಿತ್ತು. ನೀನು ಸಾವಿರಾರು ಹನಿಗಳನ್ನು ಗೊಡೋದ ಫಿಸಿಕ್ಸ್ (ವಸ್ತುಗಳ ಚಲನೆ, ಡಿಕ್ಕಿ ಲೆಕ್ಕ ಹಾಕುವ ಭಾಗ) ಕೈಗೆ ಕೊಟ್ಟಿದ್ದೀಯ ಅನ್ನಿಸುತ್ತದೆ, ಹನಿ ಹನಿಯೂ ಒಂದಕ್ಕೊಂದು ಡಿಕ್ಕಿ ಹೊಡೆಯುವ ಲೆಕ್ಕ ಮಾಡಿ ಮಾಡಿ ಫೋನು ಸುಸ್ತಾಗುತ್ತದೆ. ಹನಿ ಬಿಡು. ಸುರಂಗವನ್ನು ಚೌಕಗಳಾಗಿ ಮಾಡು, ಪ್ರತಿ ಚೌಕಕ್ಕೆ ಎಷ್ಟು ನೀರಿದೆ ಅಂತ 0ರಿಂದ 1ರೊಳಗೆ ಒಂದು ಸಂಖ್ಯೆ ಕೊಡು. ಕೆಳಗಿನ ಚೌಕದಲ್ಲಿ ಜಾಗ ಇದ್ದರೆ ನೀರು ಕೆಳಗೆ ಹೋಗಲಿ, ಇಲ್ಲದಿದ್ದರೆ ಅಕ್ಕಪಕ್ಕ ಹಂಚಿಕೊಳ್ಳಲಿ. ಈ ಲೆಕ್ಕ ಸೆಕೆಂಡಿಗೆ 10 ಸಲ ನಡೆದರೂ ಸಾಕು. ಆಗ ಹೂಳು ಅಂದರೆ ಮುಚ್ಚಿದ ಚೌಕ, ಹುಡುಗ ಅಗೆದರೆ ತೆರೆಯುತ್ತದೆ, ಹಿಂದೆ ನಿಂತ ನೀರು ನುಗ್ಗುತ್ತದೆ. ನಿನ್ನ ಆಟದ ಜೀವವೇ ಅದು, ಅಲ್ವಾ?

ಡಿಸ್ಕ್ ವಿಷಯ ಓದಿ ನನಗೂ ಹೊಟ್ಟೆ ಉರಿಯಿತು. ಕಲಬುರಗಿಯಲ್ಲಿ ಒಂದು ಬೇಸಿಗೆ ರಾತ್ರಿ ಫೈಲ್ ಸೇವ್ ಆಗುವಾಗಲೇ ಕರೆಂಟ್ ಹೋಗಿ ನನ್ನದೂ ಹೀಗೇ ಹೋಗಿತ್ತು. ಆದರೆ ಎರಡನೇ ಸಲ ಬರೆಯುವಾಗ ಬೇಗ ಆಗುತ್ತದೆ, ದಾರಿ ತಲೆಯಲ್ಲಿರುತ್ತದೆ. ಇವತ್ತೇ ಗಿಟ್ ಹಾಕಿಕೋ, ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸಿ ಇಡುವ ಸಾಫ್ಟ್‌ವೇರ್ ಅದು. ಅದೂ ಅದೇ ಡಿಸ್ಕಿನಲ್ಲಿ ಕೂತರೆ ಸುಮ್ನೆ, ದಿನಾ ಮಲಗುವ ಮೊದಲು ಆನ್‌ಲೈನ್‌ಗೆ ಒಂದು ಪ್ರತಿ ಕಳಿಸು.

ಕಳೆದದ್ದನ್ನು ಬಿಟ್ಟು ಬೇರೇನನ್ನೂ ಹೊಸದಾಗಿ ಬರೆಯಬೇಡ. ಇರುವುದರಲ್ಲೇ ಒಂದೇ ಒಂದು ಸುರಂಗ ಪೂರ್ತಿ ಮಾಡು. ಪ್ಲೇ ಸ್ಟೋರ್‌ನಲ್ಲಿ ಈಗ ಹೊಸದಾಗಿ ವೈಯಕ್ತಿಕ ಡೆವಲಪರ್ ಖಾತೆ ತೆರೆದರೆ 25 ಡಾಲರ್ ಕಟ್ಟಬೇಕು, ಬಿಡುಗಡೆಗೆ ಮೊದಲು ಕನಿಷ್ಠ 12 ಜನ 14 ದಿನ ಬಿಡದೆ ಪರೀಕ್ಷೆಯಲ್ಲಿರಬೇಕು. ಅಂಗಡಿಗೆ ಬರುವ ಹುಡುಗರನ್ನು ಈಗಲೇ ಕೇಳಿಡು. 11 ಜನ ಸಿಕ್ಕರೆ ಸಾಕು, ಹನ್ನೆರಡನೆಯವನು ನಾನು.