ಇಪ್ಪತ್ಮೂರರ ಸಂಬಳ, ನಲವತ್ತೈದರ ಸಂಬಳ

ಬೈಲಹೊಂಗಲದ ಹಿರಿಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಸಾರಿಗೆ ಸಂಸ್ಥೆಯಲ್ಲಿ ಬಸ್ ಓಡಿಸಿ ನಿವೃತ್ತರಾದವರು. ಪತ್ರದ ತಿರುಳು ಇಷ್ಟು:

"ಮಗನಿಗೆ ಈಗ 23. ಐಟಿಐ ಮುಗಿಸಿ ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಮಷೀನ್ ಶಾಪಿಗೆ ಹೋಗುತ್ತಾನೆ. ಕೈಗೆ 13,500 ಬರುತ್ತದೆ. ಅವನ ಜೊತೆಗೇ ಓದಿದ ಪಕ್ಕದ ಮನೆಯ ಹುಡುಗ ಬೆಂಗಳೂರಿನಲ್ಲಿ ಬೈಕಿನ ಮೇಲೆ ಮನೆಮನೆಗೆ ಊಟ ಮುಟ್ಟಿಸುತ್ತಾನೆ. ಪೆಟ್ರೋಲ್ ಕಳೆದು 26,000 ಎಣಿಸುತ್ತಾನೆ. ನಮ್ಮವನು ದಡ್ಡನಾ? ಇವನನ್ನೂ ಕಳಿಸಿಬಿಡಲೇ? ಮಗಳದು ಏನೂ ಚಿಂತೆ ಇಲ್ಲ. ಮದುವೆ ಆಗಿದೆ, ಕೂಸು ಸಣ್ಣದು ಅಂತ ಶಾಲೆಯ ಕೆಲಸ ಬಿಟ್ಟಿದ್ದಾಳೆ."

ಹಿರಿಯರೇ, ಪಕ್ಕದ ಮನೆಯ ಹುಡುಗನಿಗೆ ಸಲ್ಲಬೇಕಾದದ್ದು ಮೊದಲು ಸಲ್ಲಲಿ. ಬೆಂಗಳೂರಿನ ಬಿಸಿಲಲ್ಲಿ, ಮಳೆಯಲ್ಲಿ ದಿನಕ್ಕೆ ಹತ್ತು ಹನ್ನೆರಡು ತಾಸು ಗಾಡಿ ಓಡಿಸುವುದು ಸುಮ್ನೆ ಅಲ್ಲ. ಆ 26,000ದಲ್ಲಿ ಒಂದೊಂದು ರೂಪಾಯಿಯೂ ಬೆವರಿನದು. ಮನೆಯಲ್ಲಿ ಸಾಲ ಇದ್ದರೆ, ತಂಗಿಯ ಮದುವೆ ಇದ್ದರೆ, ಇವತ್ತಿನ ದುಡ್ಡು ಇವತ್ತೇ ಬೇಕು. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೆ ನೀವು ಕೇಳಿರುವ ಪ್ರಶ್ನೆಯೇ ಅರ್ಧ ಇದೆ. ಇಪ್ಪತ್ಮೂರರಲ್ಲಿ ಯಾರಿಗೆ ಎಷ್ಟು ಎಂದು ಕೇಳಿದಿರಿ. ನಲವತ್ತೈದರಲ್ಲಿ ಯಾರಿಗೆ ಎಷ್ಟು ಎಂದು ಕೇಳಲಿಲ್ಲ. ನೀವೇ ಕೇಳಬೇಕಿತ್ತು. ವರ್ಷಕ್ಕೊಮ್ಮೆ ಇನ್‌ಕ್ರಿಮೆಂಟ್ ಎಣಿಸುತ್ತಾ ಜೀವನ ಕಟ್ಟಿದವರು ನೀವು. ಸೇರಿದಾಗ ನಿಮ್ಮ ಸಂಬಳವೂ ಸಣ್ಣದೇ ಇತ್ತು, ಆಗ ಮರಳಿನ ಲಾರಿ ಓಡಿಸುವವರು ನಿಮಗಿಂತ ಜಾಸ್ತಿ ದುಡಿಯುತ್ತಿದ್ದರು ಎಂದು ಎರಡನೇ ಪುಟದಲ್ಲಿ ನೀವೇ ಬರೆದಿದ್ದೀರಿ. ಆ ಲಾರಿಯವರು ಈಗ ಎಲ್ಲಿದ್ದಾರೆ ಅನ್ನುವುದನ್ನೂ ಬರೆಯಬೇಕಿತ್ತು.

ಅಮೆರಿಕದಲ್ಲಿ ರಾಬರ್ಟ್ ಟೋಪೆಲ್ ಮತ್ತು ಮೈಕೆಲ್ ವಾರ್ಡ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 1992ರಲ್ಲಿ ಒಂದು ಲೆಕ್ಕ ಕೊಟ್ಟರು. ಒಬ್ಬ ಗಂಡಸಿನ ಕೂಲಿ ಜೀವಮಾನದಲ್ಲಿ ಎಷ್ಟು ಏರುತ್ತದೋ ಅದರಲ್ಲಿ ಮೂರನೇ ಎರಡು ಪಾಲು ಕೆಲಸಕ್ಕೆ ಸೇರಿದ ಮೊದಲ ಹತ್ತು ವರ್ಷದಲ್ಲೇ ಏರುತ್ತದೆ. ಆಮೇಲೆ ನಿಧಾನ. ಐವತ್ತರ ಸುಮಾರಿಗೆ ಗೆರೆ ಚಪ್ಪಟೆ ಆಗುತ್ತದೆ. ಅಂದರೆ ಈ ಹತ್ತು ವರ್ಷ ಬಿತ್ತನೆಯ ಕಾಲ. ನಿಮ್ಮ ಮಗ ಈಗ ಅದರ ನಡುವೆ ಇದ್ದಾನೆ.

ಒಂದು ಲೆಕ್ಕ ನಾವೂ ಹಾಕೋಣ. 13,500 ವರ್ಷಕ್ಕೆ ನೂರಕ್ಕೆ ಹತ್ತರಂತೆ ಏರಿದರೆ ಹತ್ತು ವರ್ಷಕ್ಕೆ 35,000 ದಾಟುತ್ತದೆ. 26,000 ಇದ್ದಲ್ಲೇ ಇದ್ದು, ಪೇಟೆಯ ದರ ಮಾತ್ರ ವರ್ಷಕ್ಕೆ ನೂರಕ್ಕೆ ಐದರಂತೆ ಏರಿದರೆ, ಹದಿನಾಲ್ಕು ವರ್ಷಕ್ಕೆ ಆ ದುಡ್ಡಿಗೆ ಇವತ್ತಿನ ಅರ್ಧದಷ್ಟೇ ಸಾಮಾನು ಬರುತ್ತದೆ. ಹತ್ತರಂತೆ ಏರಿಯೇ ಏರುತ್ತದೆ ಎಂದು ನಾನು ಬರೆದುಕೊಡಲಾರೆ. ಆದರೆ ಹೆಲ್ಪರ್ ಆದವನು ಆಪರೇಟರ್ ಆಗಬಹುದು, ಆಪರೇಟರ್ ಮಷೀನನ್ನು ಕೆಲಸಕ್ಕೆ ಹೊಂದಿಸಿಕೊಡುವ ಸೆಟ್ಟರ್ ಆಗಬಹುದು, ಸೆಟ್ಟರ್ ಕಂಪ್ಯೂಟರ್ ಹೇಳಿದಂತೆ ನಡೆಯುವ ಸಿಎನ್‌ಸಿ ಮಷೀನಿಗೆ ಪ್ರೋಗ್ರಾಮ್ ಬರೆಯಬಹುದು. ಅಲ್ಲಿ ಏಣಿ ಇದೆ. ಬೈಕಿನ ಮೇಲೆ ಹತ್ತನೇ ವರ್ಷದ ಹುಡುಗನಿಗೂ ಮೊನ್ನೆ ಸೇರಿದವನಿಗೂ ಒಂದು ಆರ್ಡರಿಗೆ ಸಿಗುವುದು ಹೆಚ್ಚುಕಡಿಮೆ ಒಂದೇ.

ಉದ್ಯಮಬಾಗದಲ್ಲಿ ನನಗೆ ಪರಿಚಯದ ಟರ್ನರ್, ಅಂದರೆ ಲೇತ್ ಮಷೀನಿನಲ್ಲಿ ಲೋಹ ಕಡೆಯುವವರು, ಒಬ್ಬರಿದ್ದಾರೆ. ಅರವತ್ತು ದಾಟಿದೆ. ಒಮ್ಮೆ ಅವರ ಜೊತೆ ಶಾಪಿಗೆ ಹೋಗಿದ್ದೆ. ಒಬ್ಬ ಹುಡುಗ ಬೆಳಗಿನಿಂದ ಒಂದು ಶಾಫ್ಟ್ ಮೇಲೆ ಕೂತಿದ್ದ. ಮೂರು ಪೀಸ್ ರಿಜೆಕ್ಟ್ ಆಗಿದ್ದವು. ಒಂದು ತುದಿ ಸರಿ, ಇನ್ನೊಂದು ತುದಿ ದಪ್ಪ. ಟೂಲ್ ಬದಲಿಸಿದ್ದ, ಸ್ಪೀಡ್ ಇಳಿಸಿದ್ದ. ಇವರು ಟೂಲಿನ ಕಡೆ ನೋಡಲೇ ಇಲ್ಲ. ಮೈಕ್ರೋಮೀಟರಿನಿಂದ ಎರಡೂ ತುದಿ ಅಳೆದರು. ಡಯಲ್ ಗೇಜ್ ಹಚ್ಚಿದರು. ಶಾಫ್ಟಿನ ಇನ್ನೊಂದು ತುದಿಗೆ ಆಸರೆ ಕೊಡುವ ಟೇಲ್‌ಸ್ಟಾಕಿನ ಬೋಲ್ಟ್ ಸಡಿಲ ಮಾಡಿ, ಕೂದಲೆಳೆಯಷ್ಟು ಸರಿಸಿ, ಮತ್ತೆ ಬಿಗಿದರು. ನಾಲ್ಕನೇ ಪೀಸ್ ಪಾಸ್. ಎಲ್ಲಾ ಸೇರಿ ಹತ್ತು ನಿಮಿಷ. ಮಾಲಕರು ಇವರಿಗೆ ಅರ್ಧ ದಿನಕ್ಕೆ ಕೊಡುವುದು ಆ ಹುಡುಗನ ಎರಡು ದಿನದ ಪಗಾರಕ್ಕಿಂತ ಜಾಸ್ತಿ. ಅರವತ್ತು ದಾಟಿದ ಮೇಲೂ ಕರೆದು ದುಡ್ಡು ಕೊಡುತ್ತಾರೆ ಅಂದರೆ ಆ ಕೆಲಸದಲ್ಲಿ ವಯಸ್ಸಿಗೆ ಬೆಲೆ ಇದೆ ಅಂತ ತಾನೇ?

ಈಗ ನನ್ನ ಸೋದರಮಾವನ ಕಥೆ ಕೇಳಿ. ಇಳಕಲ್ಲಿನವರು. ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ನಲವತ್ತು ವರ್ಷ ಸೀರೆ ನೇಯ್ದರು. ಇಳಕಲ್ ಸೀರೆಯ ಮೈಗೆ ಬೇರೆ ಹಾಸು (ಮಗ್ಗದ ಉದ್ದನೆಯ ಎಳೆಗಳು), ಸೆರಗಿಗೆ ಬೇರೆ ರೇಷ್ಮೆಯ ಹಾಸು. ಎರಡನ್ನೂ ಒಂದೊಂದೇ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಒಂದು ಎಳೆ ತಪ್ಪಿದರೆ ಸೆರಗಿನ ಅಂದ ಹೋಯಿತು. ಚಿಕ್ಕವನಿದ್ದಾಗ ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ಇಪ್ಪತ್ತೈದರ ವಯಸ್ಸಿನಲ್ಲಿ ಅವರ ಲಾಳಿಯ ಸದ್ದಿಗೆ ಬಿಡುವೇ ಇರಲಿಲ್ಲ. ಆಗ ಓಣಿಯಲ್ಲಿ ಎಲ್ಲರಿಗಿಂತ ಜಾಸ್ತಿ ಮಜೂರಿ ಅವರದೇ. ಐವತ್ತೈದಕ್ಕೆ ನೇಯ್ಗೆ ಇನ್ನೂ ಚಂದ ಆಗಿತ್ತು, ಗಿರಾಕಿಗಳು ಅವರ ಕೈಯ ಸೀರೆಯೇ ಬೇಕು ಎನ್ನುತ್ತಿದ್ದರು. ಆದರೆ ಎಳೆ ಕೂಡಿಸಲು ಮುಖ ಎಳೆಗೆ ತಾಗುವಷ್ಟು ಬಗ್ಗಬೇಕಾಗುತ್ತಿತ್ತು. "ಕೈಗೆ ಎಲ್ಲಾ ಗೊತ್ತೈತೋ ತಮ್ಮಾ, ಕಣ್ಣು ಮಾತ ಕೇಳವಲ್ದು" ಎನ್ನುತ್ತಿದ್ದರು. ಮಜೂರಿ ಸೀರೆಗಿಷ್ಟು ಎಂದು. ವಾರಕ್ಕೆ ಸೀರೆ ಕಡಿಮೆ ಆದವು, ಗಳಿಕೆ ಇಳಿಯಿತು. ಆ ಊರಿನ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ನೇಯ್ದವರ ಮೂವತ್ತು ವರ್ಷದ ಅನುಭವಕ್ಕೆ ಸೀರೆಯೊಂದಕ್ಕೆ ಹತ್ತು ರೂಪಾಯಿಯೂ ಜಾಸ್ತಿ ಸಿಗಲಿಲ್ಲ. ನನಗೆ ಇಂದಿಗೂ ಅದನ್ನು ನೆನೆದರೆ ಸಂಕಟ ಆಗುತ್ತದೆ.

ಕಬ್ಬು ಕಡಿಯುವ ಗ್ಯಾಂಗಿಗೂ ಅಷ್ಟೇ, ಟನ್ ಲೆಕ್ಕ. ಮುಧೋಳ, ಜಮಖಂಡಿ ಕಡೆ ಹಂಗಾಮಿನಲ್ಲಿ ಹೋಗಿ ನೋಡಿ. ಇಪ್ಪತ್ತರ ಹುಡುಗನ ಮುಂದೆ ಐವತ್ತರವನು ದಿನಾ ಸೋಲುತ್ತಾನೆ.

1899ರಲ್ಲಿ ಇಂಗ್ಲೆಂಡಿನ ಯಾರ್ಕ್ ಪಟ್ಟಣದಲ್ಲಿ ಸೀಬಾಮ್ ರೌಂಟ್ರಿ ಎಂಬುವರು ಕೂಲಿಕಾರರ ಮನೆಮನೆಯ ಲೆಕ್ಕ ತೆಗೆಸಿದರು. ಕೂಲಿಯವನ ಬಾಳಿನಲ್ಲಿ ಮೂರು ಸಲ ಬಡತನ ಬರುತ್ತದೆ ಎಂದು ಅವರು ಕಂಡರು: ತಾನು ಕೂಸಾಗಿದ್ದಾಗ, ತನಗೆ ಸಣ್ಣ ಮಕ್ಕಳಿದ್ದಾಗ, ಮುದುಕನಾದಾಗ. ನಡುವೆ ಎರಡು ಸಲ ಕೈ ಸ್ವಲ್ಪ ಸಡಿಲ. ಅದರಲ್ಲಿ ಒಂದು, ಮದುವೆಗೆ ಮುಂಚಿನ ಹರೆಯ. ನಿಮ್ಮ ಪಕ್ಕದ ಮನೆಯವನು ಈಗ ಇರುವುದು ಅಲ್ಲಿ. ಅವನ 26,000 ದೊಡ್ಡದಾಗಿ ಕಾಣುವುದು ಒಂದೇ ಹೊಟ್ಟೆ ಇರುವುದಕ್ಕೆ. ಹೆಂಡತಿ, ಎರಡು ಮಕ್ಕಳು, ಬೆಂಗಳೂರಿನ ಬಾಡಿಗೆ ಸೇರಲಿ, ಆಗ ನೋಡಿ. ನಮ್ಮ ರಾಜ್ಯದಲ್ಲಿ 2025ರಲ್ಲಿ ಗಿಗ್ ಕಾರ್ಮಿಕರಿಗಾಗಿ, ಅಂದರೆ ಇವನಂತೆ ಆ್ಯಪ್ ಮೂಲಕ ಆರ್ಡರ್ ಲೆಕ್ಕದಲ್ಲಿ ದುಡಿಯುವವರಿಗಾಗಿ, ಕಾಯ್ದೆ ಬಂದಿದೆ, ಒಳ್ಳೆಯದೇ ಆಯಿತು. ಆದರೆ ವಯಸ್ಸಾದಂತೆ ಗಳಿಕೆ ಏರಿಸುವ ಕಾಯ್ದೆ ಅದಲ್ಲ.

ಮಗನಿಗೆ ಅದೇ ಶಾಪಿನಲ್ಲಿ ಬೇರು ಬಿಡು ಎಂದು ನಾನು ಹೇಳುತ್ತಿಲ್ಲ. ಟೋಪೆಲ್ ಮತ್ತು ವಾರ್ಡ್ ಅವರ ಲೆಕ್ಕದಲ್ಲಿ ಮೊದಲ ಹತ್ತು ವರ್ಷದ ಏರಿಕೆಯ ಮೂರನೇ ಒಂದು ಪಾಲು ಬಂದದ್ದು ಕೆಲಸ ಬದಲಿಸಿದ್ದರಿಂದ. ಕಲಿಯುವುದು ನಿಂತ ದಿನ ಅವನು ಪಕ್ಕದ ಶಾಪಿಗೆ ಹೋಗಲಿ, ಕೊಲ್ಹಾಪುರಕ್ಕೆ ಹೋಗಲಿ, ಪುಣೆಗೆ ಹೋಗಲಿ. ಕೈಯಲ್ಲಿ ಕಸಬು ಇಟ್ಟುಕೊಂಡು ಹೋಗಲಿ. ನಾನು ಹರೆಯದಲ್ಲಿ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಾ ಆರು ವರ್ಷ ಒಂದೇ ಸಂಬಳಕ್ಕೆ ಇದ್ದೆ. ಎರಡನೇ ವರ್ಷವೇ ಕಲಿಯುವುದು ಮುಗಿದಿತ್ತು. ಉಳಿದ ನಾಲ್ಕು ವರ್ಷ ವಾಪಸ್ ಬರಲಿಲ್ಲ.

ಪಿಎಫ್ ಹಿಡಿಯುತ್ತಾರಾ ಎಂದು ಕೇಳಿ. ಹಿಡಿದರೆ, ಮಾಲಕರ ಪಾಲು ಕಟ್ಟಿದ್ದಾರಾ ಎಂದು ಪಾಸ್‌ಬುಕ್ ತೆಗೆದು ನೋಡಲಿ. ಹತ್ತು ವರ್ಷ ಸೇವೆ ತುಂಬಿದರೆ 58ಕ್ಕೆ ಪಿಂಚಣಿ ಇದೆ. ದೊಡ್ಡದಲ್ಲ. ಪಿಂಚಣಿಯ ಲೆಕ್ಕಕ್ಕೆ ಹಿಡಿಯುವ ಸಂಬಳಕ್ಕೆ 15,000ದ ಮಿತಿ ಇದೆ, ಆ ಮಿತಿಯಲ್ಲಿ 35 ವರ್ಷ ದುಡಿದವನಿಗೆ ತಿಂಗಳಿಗೆ 7,500. ಆದರೂ ನನ್ನ ಸೋದರಮಾವನಿಗೆ ಅಷ್ಟೂ ಇರಲಿಲ್ಲ.

ನನ್ನ ಸಿಟ್ಟು ನಿಮ್ಮ ಮೇಲಲ್ಲ. ನೀವು ಬರೆದಂಥ ಪತ್ರ ಇದು ಮೊದಲನೆಯದೂ ಅಲ್ಲ. ಡೇವಿಡ್ ಲಗಾಕೋಸ್ ಎಂಬ ಅರ್ಥಶಾಸ್ತ್ರಜ್ಞ ಮತ್ತು ನಾಲ್ವರು ಸಂಗಡಿಗರು ಹಲವು ದೇಶಗಳ ಲೆಕ್ಕ ಹಿಡಿದು 2018ರಲ್ಲಿ ಒಂದು ಲೇಖನ ಪ್ರಕಟಿಸಿದರು. ಅನುಭವದ ಜೊತೆ ಕೂಲಿ ಏರುವುದು ಶ್ರೀಮಂತ ದೇಶಗಳಲ್ಲಿ ಬಡ ದೇಶಗಳ ಸುಮಾರು ಎರಡು ಪಟ್ಟು. ಓದಿದಾಗ ನನಗೆ ಇಳಕಲ್ಲಿನ ಓಣಿ ಕಣ್ಣಮುಂದೆ ಬಂತು. ನಮ್ಮವರು ಕಡಿಮೆ ಕಲಿಯುತ್ತಾರಾ? ಅಲ್ಲ. ಕಲಿತದ್ದಕ್ಕೆ ದುಡ್ಡು ಕೊಡುವವರು ಕಡಿಮೆ. ಕಾಂಟ್ರ್ಯಾಕ್ಟ್ ಕೆಲಸಗಾರನನ್ನು ನೋಡಿ. ಏಜೆನ್ಸಿ ಬದಲಾದಾಗೆಲ್ಲ ಅವನು ಹೊಸಬ. ಹದಿನೈದು ವರ್ಷ ಅದೇ ಗೇಟಿನೊಳಗೆ ದುಡಿದರೂ ಕಾಗದದಲ್ಲಿ ಒಂದೇ ವರ್ಷ. ಕನಿಷ್ಠ ವೇತನದ ಪಟ್ಟಿಯಲ್ಲಿ ಅಕುಶಲ, ಅರೆಕುಶಲ, ಕುಶಲ ಎಂದೆಲ್ಲ ಇದೆ, ಎಷ್ಟು ವರ್ಷದ ಅನುಭವ ಎಂದು ಕೇಳುವ ಕಾಲಮ್ಮೇ ಇಲ್ಲ.

ಹೀಗಿರುವಾಗ ವಯಸ್ಸಿನ ಜೊತೆ ಸಂಬಳ ಏರುವುದು ಸರ್ಕಾರಿ ನೌಕರಿಯಲ್ಲಿ ಮಾತ್ರ ಎಂದು ನಮ್ಮ ಮಕ್ಕಳು ತಿಳಿದರೆ ತಪ್ಪೇನು? ಅದಕ್ಕೇ ಬಾಗಲಕೋಟೆ, ವಿಜಯಪುರದ ಹಳ್ಳಿಗಳಿಂದ ಬಂದು ಧಾರವಾಡದಲ್ಲಿ ರೂಮು ಹಿಡಿದು ಕೂತಿದ್ದಾರೆ. ಒಂದು ಪರೀಕ್ಷೆ, ಅದು ಮುಂದಕ್ಕೆ, ಮತ್ತೊಂದು ಪರೀಕ್ಷೆ, ಅದರ ಮೇಲೆ ಕೋರ್ಟ್ ಕೇಸು. ಇಪ್ಪತ್ತೆರಡರಿಂದ ಮೂವತ್ತೆರಡು ದಾಟಿಹೋಗುತ್ತದೆ. ಮೂರನೇ ಎರಡು ಪಾಲು ಏರಿಕೆಯ ಆ ಹತ್ತು ವರ್ಷವೇ ಪ್ಯಾರಗಾನ್ ಚಪ್ಪಲಿ, ಚೌಚೌ ಭಾತು, ನೋಟ್ಸಿನ ಝೆರಾಕ್ಸಿನಲ್ಲಿ ಮುಗಿಯುತ್ತದೆ. ಈ ಹುಡುಗರನ್ನು ಸೋಮಾರಿಗಳು ಎನ್ನುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಇನ್ನು ನಿಮ್ಮ ಮಗಳು. ಇಲ್ಲಿ ನಿಮ್ಮ ಮೇಲೆ ಸ್ವಲ್ಪ ಬೇಸರ ಇದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಮಗನಿಗೆ ನಾಲ್ಕು ಪುಟ, ಮಗಳಿಗೆ ಎರಡು ಸಾಲು. ಏನೂ ಚಿಂತೆ ಇಲ್ಲ ಎಂದು ಯಾರು ಹೇಳಿದರು? ಕ್ಲಾಡಿಯಾ ಗೋಲ್ಡಿನ್ ಎಂಬ ಅರ್ಥಶಾಸ್ತ್ರಜ್ಞೆಗೆ 2023ರಲ್ಲಿ ನೊಬೆಲ್ ಬಂದದ್ದು ಹೆಣ್ಣುಮಕ್ಕಳ ದುಡಿಮೆ ಮತ್ತು ಗಳಿಕೆಯ ಅಧ್ಯಯನಕ್ಕೆ. ಒಂದೇ ಓದು, ಒಂದೇ ಕೆಲಸದ ಗಂಡು ಹೆಣ್ಣಿನ ಗಳಿಕೆ ಹೆಚ್ಚಾಗಿ ಬೇರೆಯಾಗುವುದು ಮೊದಲ ಮಗು ಹುಟ್ಟಿದ ಮೇಲೆ ಎಂದು ಅವರು ತೋರಿಸಿದರು. ನಿಮ್ಮ ಮಗಳು ಈಗ ಅದೇ ಬಾಗಿಲಲ್ಲಿ ನಿಂತಿದ್ದಾಳೆ. ಐದು ವರ್ಷ ಬಿಟ್ಟು ಮತ್ತೆ ಖಾಸಗಿ ಶಾಲೆಗೆ ಹೋದರೆ ಹೊಸಬಳ ಸಂಬಳವೇ ಕೊಡುತ್ತಾರೆ. ನಿಮ್ಮ ಮನೆಯಾಕೆಯೂ ನೀವೂ ಆರೋಗ್ಯವಾಗಿದ್ದೀರಿ, ನಿಮಗೀಗ ಡ್ಯೂಟಿ ಇಲ್ಲ. ಮೊಮ್ಮಗುವನ್ನು ದಿನಕ್ಕೆ ಐದು ತಾಸು ನೋಡಿಕೊಳ್ಳುತ್ತೇವೆ ಎಂದು ಬೀಗರ ಮನೆಗೆ ಹೋಗಿ ನೀವೇ ಹೇಳಬಹುದಲ್ವಾ?

ಮತ್ತೊಂದು ಮಾತು. ಇಷ್ಟುದ್ದ ಪತ್ರದಲ್ಲಿ ಮಗನ ಪಗಾರ ಎರಡು ಸಲ ಬರೆದಿದ್ದೀರಿ, ಅವನು ಯಾವ ಮಷೀನಿನ ಮೇಲೆ ನಿಲ್ಲುತ್ತಾನೆ, ಸೆಟ್ಟಿಂಗ್ ಅವನಿಗೆ ಕಲಿಸುತ್ತಿದ್ದಾರಾ ಇಲ್ಲವಾ ಎಂದು ಬರೆದಿಲ್ಲ. ರವಿವಾರ ಅವನು ಊರಿಗೆ ಬಂದಾಗ ಕೇಳಿ, ನನಗೊಂದು ಕಾರ್ಡ್ ಹಾಕಿ.