ಲಿನಕ್ಸ್‌ನಲ್ಲಿ ತಂತ್ರಾಂಶ ಹುಡುಕಿ ಹಾಕಿಕೊಳ್ಳುವುದು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲದ ಉತ್ತರಗಳು ಉಬುಂಟು 24.04ಕ್ಕೆ ಅನ್ವಯಿಸುತ್ತವೆ. ಅದರ ಮೇಲೆಯೇ ಕಟ್ಟಿರುವ ಲಿನಕ್ಸ್ ಮಿಂಟ್ 22ಕ್ಕೂ ಬಹುಪಾಲು ಹೊಂದುತ್ತವೆ. ಆಜ್ಞೆಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇವೆ. ಟರ್ಮಿನಲ್‌ನಲ್ಲಿ (ಆಜ್ಞೆ ಹೊಡೆಯುವ ಕಿಟಕಿ) ಇಂಗ್ಲಿಷ್ ಸಣ್ಣಕ್ಷರದಲ್ಲೇ ಹೊಡೆಯಿರಿ, ಅಡ್ಡಗೆರೆ ಮತ್ತು ಖಾಲಿ ಜಾಗ ತಪ್ಪಬಾರದು.

ಪ್ರಶ್ನೆ: ನುಡಿ ಕೀಲಿಮಣೆಯಲ್ಲಿ ಕನ್ನಡ ಟೈಪ್ ಮಾಡಬೇಕು, ಹಳೆಯ ಪುಸ್ತಕದ ಸ್ಕ್ಯಾನ್ ಪುಟಗಳನ್ನು ಪಠ್ಯ ಮಾಡಬೇಕು. ಆಪ್ ಸೆಂಟರ್‌ನಲ್ಲಿ ಎಷ್ಟು ಹುಡುಕಿದರೂ ಎರಡಕ್ಕೂ ಏನೂ ಸಿಗುತ್ತಿಲ್ಲ. ಲಿನಕ್ಸ್‌ನಲ್ಲಿ ಇವು ಇಲ್ಲವೇ?
— ಶಿಕ್ಷಕಿ, ತೀರ್ಥಹಳ್ಳಿ

ಉತ್ತರ: ಎರಡೂ ಇವೆ, ಉಬುಂಟುವಿನ ಸ್ವಂತ ಭಂಡಾರದಲ್ಲೇ ಇವೆ. ಅಂಗಡಿಯ ಕಿಟಕಿ ಮಾತ್ರ ಅವನ್ನು ತೋರಿಸುವುದಿಲ್ಲ. ಆಪ್ ಸೆಂಟರ್ ಎಂಬ ಈ ಅಂಗಡಿ ಮೊದಲು ತೋರಿಸುವುದು ಸ್ನ್ಯಾಪ್ ಎಂಬ ರೂಪದ ಪ್ಯಾಕೇಜುಗಳನ್ನು (ಪ್ಯಾಕೇಜ್ ಎಂದರೆ ಹಾಕಿಕೊಳ್ಳಲು ಸಿದ್ಧವಾಗಿ ಕಟ್ಟಿಟ್ಟ ತಂತ್ರಾಂಶ). ಹುಡುಕಾಟದ ಪುಟದ ಮೇಲಿರುವ ಫಿಲ್ಟರ್‌ನಲ್ಲಿ ಡೆಬಿಯನ್ ಪ್ಯಾಕೇಜ್ ಎಂದು ಬದಲಿಸಿದರೂ, ಐಕಾನ್, ವಿವರಣೆ ಇತ್ಯಾದಿ ಇರುವ ‘ಆಪ್‌ಸ್ಟ್ರೀಮ್’ ಮಾಹಿತಿ ಜೊತೆಗಿದ್ದ ಪ್ಯಾಕೇಜುಗಳಷ್ಟೇ ಪಟ್ಟಿಗೆ ಬರುತ್ತವೆ. ಕೀಲಿಮಣೆ ವಿನ್ಯಾಸ, ಭಾಷಾ ದತ್ತಾಂಶ, ಟರ್ಮಿನಲ್ ಸಾಧನಗಳಂಥವು ಬಹುತೇಕ ಹೊರಗೇ ಉಳಿಯುತ್ತವೆ. ಕನ್ನಡಕ್ಕೆ ಬೇಕಾದದ್ದು ಹೆಚ್ಚಾಗಿ ಈ ಗುಂಪಿನಲ್ಲೇ ಇರುವುದರಿಂದ ‘ಲಿನಕ್ಸ್‌ನಲ್ಲಿ ಕನ್ನಡವಿಲ್ಲ’ ಎಂದುಕೊಂಡು ವಿಂಡೋಸ್‌ಗೆ ಮರಳುವವರಿದ್ದಾರೆ. ಇದು ನಿಜಕ್ಕೂ ಬೇಸರದ ಸಂಗತಿ.

ಆದ್ದರಿಂದ ಪ್ಯಾಕೇಜುಗಳನ್ನು ಹುಡುಕಿ ಹಾಕಿಕೊಡುವ ಸಿನಾಪ್ಟಿಕ್ ಎಂಬ ತಂತ್ರಾಂಶ ಹಾಕಿಕೊಳ್ಳಿ. ಮೊದಲು ‘ಸುಡೋ ಆಪ್ಟ್ ಅಪ್‌ಡೇಟ್’, ಆಮೇಲೆ ‘ಸುಡೋ ಆಪ್ಟ್ ಇನ್‌ಸ್ಟಾಲ್ ಸಿನಾಪ್ಟಿಕ್’. ಮಿಂಟ್‌ನಲ್ಲಿ ಅದು ಮೊದಲೇ ಇರುತ್ತದೆ. ಭಂಡಾರದ ಪ್ರತಿಯೊಂದು ಪ್ಯಾಕೇಜೂ ಅದರಲ್ಲಿ ಕಾಣುತ್ತದೆ. ಹುಡುಕುವಾಗ ‘ಹೆಸರು ಮತ್ತು ವಿವರಣೆ’ ಎರಡರಲ್ಲೂ ಹುಡುಕು ಎಂದು ಆರಿಸಿ ‘ಕನ್ನಡ’ ಎಂದು ಇಂಗ್ಲಿಷಿನಲ್ಲಿ ಹೊಡೆಯಿರಿ. ಹೆಸರಿನಲ್ಲಷ್ಟೇ ಹುಡುಕಿದರೆ ಕೆಲವು ತಪ್ಪಿಹೋಗುತ್ತವೆ, ಏಕೆಂದರೆ ಫಾಂಟ್ ಪ್ಯಾಕೇಜಿನ ಹೆಸರು ‘ಫಾಂಟ್ಸ್-ಕೆಎನ್‌ಡಿಎ’, ಅಕ್ಷರ ಗುರುತಿಸುವ ದತ್ತಾಂಶದ ಹೆಸರು ‘ಟೆಸರಾಕ್ಟ್-ಓಸಿಆರ್-ಕೆಎಎನ್’.

ಟೈಪಿಂಗ್‌ಗೆ ಬೇಕಾದ ಪ್ಯಾಕೇಜ್ ‘ಐಬಸ್-ಎಂ17ಎನ್’. ಇದರ ಹೆಸರಿನಲ್ಲಿ ಭಾಷೆಯ ಸುಳಿವೇ ಇಲ್ಲ, ನೇರವಾಗಿ ಇದೇ ಹೆಸರಿನಿಂದ ಹುಡುಕಿ. ಹಾಕಿದ ಮೇಲೆ ಒಮ್ಮೆ ಲಾಗ್ ಔಟ್ ಆಗಿ ಮತ್ತೆ ಬನ್ನಿ, ಇಲ್ಲದಿದ್ದರೆ ಹೊಸ ವಿನ್ಯಾಸ ಪಟ್ಟಿಯಲ್ಲಿ ಕಾಣುವುದಿಲ್ಲ. ನಂತರ ಸೆಟ್ಟಿಂಗ್ಸ್, ಕೀಬೋರ್ಡ್, ಇನ್‌ಪುಟ್ ಸೋರ್ಸ್ ಎಂದು ಹೋಗಿ ಕನ್ನಡದಡಿ ‘ಕೆಜಿಪಿ’ (ನುಡಿ ವಿನ್ಯಾಸಕ್ಕೆ ಅಲ್ಲಿರುವ ಹೆಸರು) ಸೇರಿಸಿ. ಕಗಪ ಎಂಬ ಹೆಸರಿನ ಇನ್ನೊಂದು ವಿನ್ಯಾಸ ಅಲ್ಲಿ ಮೊದಲೇ ಇರುತ್ತದೆ. ನಿಮಗೆ ಬೇಕಾದದ್ದು ಪಕ್ಕದಲ್ಲಿ ಎಂ17ಎನ್ ಎಂದಿರುವುದು. ಸೂಪರ್ ಕೀ (ವಿಂಡೋಸ್ ಚಿಹ್ನೆಯ ಕೀಲಿ) ಜೊತೆ ಸ್ಪೇಸ್ ಒತ್ತಿದರೆ ಕನ್ನಡ–ಇಂಗ್ಲಿಷ್ ಬದಲಾಗುತ್ತದೆ.

ಸ್ಕ್ಯಾನ್ ಪುಟಗಳಿಗೆ ಮೂರು ಪ್ಯಾಕೇಜು ಬೇಕು: ಎಂಜಿನ್ ಆಗಿ ‘ಟೆಸರಾಕ್ಟ್-ಓಸಿಆರ್’, ಕನ್ನಡದ ದತ್ತಾಂಶ, ಬಳಸಲು ಕಿಟಕಿಯಾಗಿ ‘ಜಿಇಮೇಜ್‌ರೀಡರ್’. ದತ್ತಾಂಶವಿಲ್ಲದೆ ಕಿಟಕಿ ತೆರೆದರೆ ಭಾಷೆಗಳ ಪಟ್ಟಿಯಲ್ಲಿ ಕನ್ನಡವೇ ಇರುವುದಿಲ್ಲ. ಪುಟವನ್ನು 300 ಡಿಪಿಐನಲ್ಲಿ, ನೇರವಾಗಿಟ್ಟು ಸ್ಕ್ಯಾನ್ ಮಾಡಿ. ಓರೆಯಾದ ಅಥವಾ ಮಸುಕಾದ ಪುಟದಲ್ಲಿ ಒತ್ತಕ್ಷರಗಳೇ ಮೊದಲು ಕೆಡುತ್ತವೆ.

ಪ್ರಶ್ನೆ: ‘ಕುಡ್ ನಾಟ್ ಗೆಟ್ ಲಾಕ್’ ಎಂಬ ದೋಷ ಬಂದು ಏನೂ ಇನ್‌ಸ್ಟಾಲ್ ಆಗುತ್ತಿಲ್ಲ. ಲಾಕ್ ಫೈಲ್ ಅಳಿಸಿಬಿಡಿ ಎಂದು ಪರಿಚಿತರೊಬ್ಬರು ಹೇಳುತ್ತಾರೆ. ಅಳಿಸಬಹುದೇ?
— ಅಂಗಡಿ ಮಾಲೀಕರು, ಹಾವೇರಿ

ಉತ್ತರ: ದಯವಿಟ್ಟು ಅಳಿಸಬೇಡಿ. ಆ ಫೈಲು ಅಲ್ಲಿ ಯಾವಾಗಲೂ ಇರುತ್ತದೆ, ಅದು ಇರುವುದೇ ತಪ್ಪಲ್ಲ. ಈ ಹೊತ್ತಿನಲ್ಲಿ ಬೇರೊಂದು ಪ್ರೋಗ್ರಾಂ ಅದನ್ನು ಹಿಡಿದುಕೊಂಡಿದೆ ಎನ್ನುವುದಷ್ಟೇ ಸಂದೇಶದ ಅರ್ಥ. ಅಳಿಸಿದರೆ ಎರಡು ಪ್ರೋಗ್ರಾಂಗಳು ಒಟ್ಟಿಗೆ ಪ್ಯಾಕೇಜುಗಳ ಲೆಕ್ಕದ ಪುಸ್ತಕಕ್ಕೆ ಬರೆಯತೊಡಗುತ್ತವೆ. ಆ ಲೆಕ್ಕ ಕೆಟ್ಟರೆ ಸರಿಪಡಿಸುವುದು ಬಹಳ ಕಷ್ಟ.

ಸಂದೇಶವನ್ನೇ ಪೂರ್ತಿ ಓದಿ. ಹಿಡಿದಿರುವವರ ಹೆಸರು, ಪ್ರೋಸೆಸ್ ಸಂಖ್ಯೆ ಅದರಲ್ಲೇ ಇರುತ್ತದೆ. ‘ಅನ್‌ಅಟೆಂಡೆಡ್’ ಎಂದು ಶುರುವಾಗುವ ಹೆಸರಿದ್ದರೆ ಅದು ಉಬುಂಟು ತಾನಾಗಿ ಹಾಕಿಕೊಳ್ಳುವ ಭದ್ರತಾ ಅಪ್‌ಡೇಟ್. ಯಂತ್ರ ಆನ್ ಮಾಡಿದ ಸ್ವಲ್ಪ ಹೊತ್ತಿಗೆ, ಅದರಲ್ಲೂ ಹಲವು ದಿನ ಆಫ್ ಆಗಿದ್ದ ಯಂತ್ರದಲ್ಲಿ, ಇದು ಕಾಣುತ್ತದೆ. ಅದು ಮುಗಿಯುವವರೆಗೆ ಬಿಡಿ. ಬೇರೆ ಹೆಸರಿದ್ದರೆ ಸಿನಾಪ್ಟಿಕ್ ಅಥವಾ ಇನ್ನೊಂದು ಟರ್ಮಿನಲ್ ತೆರೆದೇ ಇದೆಯೇ ನೋಡಿ, ಮುಚ್ಚಿ.

ಇನ್‌ಸ್ಟಾಲ್ ನಡುವೆ ಕರೆಂಟ್ ಹೋಗಿದ್ದರೆ ಮಾತು ಬೇರೆ. ಆಗ ‘ಸುಡೋ ಡಿಪಿಕೆಜಿ --ಕಾನ್ಫಿಗರ್ -ಎ’ ಕೊಟ್ಟು ಅರ್ಧಕ್ಕೆ ನಿಂತ ಪ್ಯಾಕೇಜುಗಳನ್ನು ಮುಗಿಸಿ, ಬಳಿಕ ‘ಸುಡೋ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್’ ಕೊಡಿ. ಕೊನೆಯ ಆಜ್ಞೆ ಏನನ್ನಾದರೂ ತೆಗೆದುಹಾಕುತ್ತೇನೆ ಎಂದರೆ ಆ ಪಟ್ಟಿ ಓದದೆ ‘ವೈ’ ಒತ್ತಬೇಡಿ.

ಪ್ರಶ್ನೆ: ಒಂದೇ ತಂತ್ರಾಂಶ ಡೆಬ್, ಸ್ನ್ಯಾಪ್, ಫ್ಲಾಟ್‌ಪ್ಯಾಕ್ ಎಂದು ಮೂರು ರೂಪದಲ್ಲಿದೆ. ಯಾವುದನ್ನು ಆರಿಸಲಿ?
— ಪದವಿ ವಿದ್ಯಾರ್ಥಿ, ಕಲಬುರಗಿ

ಉತ್ತರ: ಎಷ್ಟು ಹೊಸ ಆವೃತ್ತಿ ಬೇಕು, ಎಷ್ಟು ಡೇಟಾ ಮತ್ತು ಜಾಗ ಇದೆ ಎಂಬುದರ ಮೇಲೆ ನಿಂತಿದೆ. ಉಬುಂಟುವಿನ ಸ್ವಂತ ಭಂಡಾರದ ಪ್ಯಾಕೇಜುಗಳ ರೂಪವಾದ ಡೆಬ್ ಚಿಕ್ಕದು, ಬೇಗ ತೆರೆಯುತ್ತದೆ. ಆದರೆ ದೀರ್ಘಾವಧಿ ಬೆಂಬಲದ ಉಬುಂಟುವಿನಲ್ಲಿ ಹೆಚ್ಚಿನ ತಂತ್ರಾಂಶಗಳ ಆವೃತ್ತಿ ಬಿಡುಗಡೆಯ ದಿನದ್ದೇ ಉಳಿದು, ದೋಷಗಳ ತಿದ್ದುಪಡಿಯಷ್ಟೇ ಬರುತ್ತದೆ. ಕಚೇರಿ ಕೆಲಸಕ್ಕೆ, ಪಿಡಿಎಫ್ ಓದಲು ಇದೇ ಸಾಕು. ಓಬಿಎಸ್, ಕೆಡೆನ್‌ಲೈವ್‌ನಂಥ ಬೇಗ ಬದಲಾಗುವ ವಿಡಿಯೋ ತಂತ್ರಾಂಶಕ್ಕೆ ಫ್ಲಾಟ್‌ಹಬ್ ಎಂಬ ಆನ್‌ಲೈನ್ ಅಂಗಡಿಯಿಂದ ಫ್ಲಾಟ್‌ಪ್ಯಾಕ್ ತೆಗೆದುಕೊಳ್ಳಿ. ಮೊದಲ ಸಲ ರನ್‌ಟೈಮ್ ಎಂಬ ಸಾಮಾನು ಸಾಮಗ್ರಿಯೂ ಇಳಿಯುವುದರಿಂದ ನೂರಾರು ಎಂಬಿ ಖರ್ಚಾಗುತ್ತದೆ. ಅದೇ ರನ್‌ಟೈಮ್ ಬಳಸುವ ಮುಂದಿನವು ಹಗುರ. ಯಾರಿಗೂ ಬೇಡವಾದ ರನ್‌ಟೈಮ್ ತೆಗೆಯಲು ‘ಫ್ಲಾಟ್‌ಪ್ಯಾಕ್ ಅನ್‌ಇನ್‌ಸ್ಟಾಲ್ --ಅನ್‌ಯೂಸ್ಡ್’.

22.04ರಿಂದ ಈಚೆಗೆ ಉಬುಂಟುವಿನಲ್ಲಿ ‘ಆಪ್ಟ್ ಇನ್‌ಸ್ಟಾಲ್ ಫೈರ್‌ಫಾಕ್ಸ್’ ಎಂದರೂ ಬರುವುದು ಸ್ನ್ಯಾಪ್ ಎಂಬುದು ನೆನಪಿರಲಿ. ಮಿಂಟ್‌ನಲ್ಲಿ ಹಾಗಿಲ್ಲ, ಅಲ್ಲಿ ಸ್ನ್ಯಾಪ್ ಅನ್ನು ತಡೆದಿದ್ದಾರೆ.

ಸ್ನ್ಯಾಪ್, ಫ್ಲಾಟ್‌ಪ್ಯಾಕ್ ಎರಡೂ ತಂತ್ರಾಂಶವನ್ನು ಬೇಲಿಯೊಳಗೆ ಇಡುತ್ತವೆ. ‘ಪೆನ್‌ಡ್ರೈವ್ ಕಾಣುತ್ತಿಲ್ಲ’ ಎಂಬ ದೂರಿಗೆ ಸಾಮಾನ್ಯ ಕಾರಣ ಇದೇ. ಸ್ನ್ಯಾಪ್ ಆದರೆ ‘ಸುಡೋ ಸ್ನ್ಯಾಪ್ ಕನೆಕ್ಟ್’ ಎಂದು ಬರೆದು, ತಂತ್ರಾಂಶದ ಹೆಸರು, ಕೋಲನ್, ‘ರಿಮೂವಬಲ್-ಮೀಡಿಯಾ’ ಎಂದು ಸೇರಿಸಿ. ಫ್ಲಾಟ್‌ಪ್ಯಾಕ್ ಆದರೆ ಫ್ಲಾಟ್‌ಸೀಲ್ ಎಂಬ ಆಪ್‌ನಲ್ಲಿ ಅದಕ್ಕೆ ಬೇಕಾದ ಫೋಲ್ಡರಿನ ಅನುಮತಿ ಮಾತ್ರ ಕೊಡಿ.

ಪ್ರಶ್ನೆ: ಆಪ್‌ಇಮೇಜ್ ಫೈಲ್ ಇಳಿಸಿಕೊಂಡೆ. ಎರಡು ಸಲ ಕ್ಲಿಕ್ ಮಾಡಿದರೂ ಏನೂ ಆಗುವುದಿಲ್ಲ.
— ಓದುಗರು, ಪುತ್ತೂರು

ಉತ್ತರ: ಆಪ್‌ಇಮೇಜ್ ಎಂದರೆ ಇನ್‌ಸ್ಟಾಲ್ ಮಾಡದೆಯೇ ಓಡುವ ಒಂದೇ ಫೈಲಿನ ತಂತ್ರಾಂಶ. ಮೊದಲು ಬಲ ಕ್ಲಿಕ್, ಪ್ರಾಪರ್ಟೀಸ್, ಅಲ್ಲಿ ಪ್ರೋಗ್ರಾಂ ಆಗಿ ಓಡಿಸಲು ಅನುಮತಿ. ಆಗಲೂ ತೆರೆಯದಿದ್ದರೆ ಅದನ್ನು ತೆರೆಯಲು ಬೇಕಾದ ‘ಲಿಬ್‌ಫ್ಯೂಸ್2ಟಿ64’ ಪ್ಯಾಕೇಜ್ ಹಾಕಿ (22.04ರಲ್ಲಿ ಇದರ ಹೆಸರು ‘ಲಿಬ್‌ಫ್ಯೂಸ್2’). ಬರೀ ‘ಫ್ಯೂಸ್’ ಎಂಬ ಪ್ಯಾಕೇಜ್ ಹಾಕಲು ಹೋಗಬೇಡಿ. ಅದು ಡೆಸ್ಕ್‌ಟಾಪ್‌ಗೆ ಬೇಕಾದ ‘ಫ್ಯೂಸ್3’ ಅನ್ನು ಹೊರಗೆ ಹಾಕಬಲ್ಲದು.

ಪ್ರಶ್ನೆ: ಅಂಗಡಿಯಲ್ಲಿ ಸಿಗುವುದೆಲ್ಲ ಸುರಕ್ಷಿತವೇ?
— ನಿವೃತ್ತ ಬ್ಯಾಂಕ್ ನೌಕರರು, ಮೈಸೂರು

ಉತ್ತರ: ಅಲ್ಲ. 2018ರ ಮೇ ತಿಂಗಳಲ್ಲಿ ಸ್ನ್ಯಾಪ್ ಸ್ಟೋರ್‌ನ ಒಂದು ಆಟದಲ್ಲಿ ಗುಟ್ಟಾಗಿ ಕ್ರಿಪ್ಟೋ ನಾಣ್ಯ ಗಣಿಸುವ ಕೋಡ್ ಸಿಕ್ಕಿತು. ಮುಂದೆ ನಕಲಿ ಕ್ರಿಪ್ಟೋ ವ್ಯಾಲೆಟ್‌ಗಳೂ ಅಲ್ಲಿ ಸೇರಿಕೊಂಡಿದ್ದವು. ಹಣಕ್ಕೆ, ಪಾಸ್‌ವರ್ಡಿಗೆ ಸಂಬಂಧಪಟ್ಟ ಯಾವುದನ್ನೇ ಆಗಲಿ ತಯಾರಕರ ಸ್ವಂತ ತಾಣದಿಂದ ಹೊರಟು, ಅಲ್ಲಿರುವ ಕೊಂಡಿ ಹಿಡಿದೇ ಅಂಗಡಿಗೆ ಹೋಗಿ. ಫ್ಲಾಟ್‌ಹಬ್‌ನಲ್ಲಿ ‘ವೆರಿಫೈಡ್’ ಗುರುತು ನೋಡಿ. ಮಿಂಟ್ 22 ಆ ಗುರುತಿಲ್ಲದ ಫ್ಲಾಟ್‌ಪ್ಯಾಕುಗಳನ್ನು ಮೊದಲಿಗೆ ತೋರಿಸುವುದೇ ಇಲ್ಲ, ಅದು ಒಳ್ಳೆಯ ನಿರ್ಧಾರ.

ಪ್ರಶ್ನೆ: ನಮ್ಮ ಶಾಲೆಯ ಕಂಪ್ಯೂಟರ್‌ಗಳಿಗೆ ಇಂಟರ್‌ನೆಟ್ ಇಲ್ಲ. ಪೆನ್‌ಡ್ರೈವ್‌ನಿಂದ ತಂತ್ರಾಂಶ ಹಾಕುವುದು ಹೇಗೆ?
— ಶಿಕ್ಷಕರು, ಎಚ್.ಡಿ. ಕೋಟೆ

ಉತ್ತರ: ಒಂದೇ ಡೆಬ್ ಫೈಲ್ ಒಯ್ದರೆ ಅದು ಅವಲಂಬಿಸಿರುವ ಇತರ ಪ್ಯಾಕೇಜುಗಳಿಲ್ಲದೆ ಅರ್ಧಕ್ಕೆ ನಿಲ್ಲುತ್ತದೆ. ಸಿನಾಪ್ಟಿಕ್ ಇದಕ್ಕೂ ದಾರಿ ಇಟ್ಟಿದೆ. ಶಾಲೆಯ ಯಂತ್ರದಲ್ಲಿ ಬೇಕಾದ್ದನ್ನು ಗುರುತು ಮಾಡಿ, ಫೈಲ್ ಮೆನುವಿನ ‘ಜನರೇಟ್ ಪ್ಯಾಕೇಜ್ ಡೌನ್‌ಲೋಡ್ ಸ್ಕ್ರಿಪ್ಟ್’ ಒತ್ತಿ, ಸ್ಕ್ರಿಪ್ಟನ್ನು ಪೆನ್‌ಡ್ರೈವ್‌ಗೆ ಉಳಿಸಿ. ಇಂಟರ್‌ನೆಟ್ ಇರುವ ಯಾವುದೇ ಲಿನಕ್ಸ್ ಯಂತ್ರದಲ್ಲಿ ಅದನ್ನು ಓಡಿಸಿದರೆ ಅವಲಂಬನೆಗಳೂ ಸೇರಿ ಎಲ್ಲ ಇಳಿಯುತ್ತವೆ. ಮರಳಿ ತಂದು ಅದೇ ಮೆನುವಿನ ‘ಆ್ಯಡ್ ಡೌನ್‌ಲೋಡೆಡ್ ಪ್ಯಾಕೇಜಸ್’ನಲ್ಲಿ ಫೋಲ್ಡರ್ ತೋರಿಸಿ.

ಕೈಕೊಡುವುದು ಒಂದೇ ಕಡೆ. ಶಾಲೆಯ ಯಂತ್ರದ ಪ್ಯಾಕೇಜ್ ಪಟ್ಟಿ ಹಳೆಯದಾದಷ್ಟೂ ಸ್ಕ್ರಿಪ್ಟ್ ಕೇಳುವ ಅಪ್‌ಡೇಟ್ ಆವೃತ್ತಿಗಳು ಸರ್ವರ್‌ನಲ್ಲಿ ಉಳಿದಿರುವುದಿಲ್ಲ, 404 ದೋಷ ಬರುತ್ತದೆ. ಹಾಗಾಗಿ ಸ್ಕ್ರಿಪ್ಟ್ ಮಾಡುವ ದಿನ ಫೋನನ್ನು ಯುಎಸ್‌ಬಿ ಕೇಬಲಿನಿಂದ ಜೋಡಿಸಿ, ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ‘ಸುಡೋ ಆಪ್ಟ್ ಅಪ್‌ಡೇಟ್’ ಒಂದನ್ನು ಮಾತ್ರ ಮುಗಿಸಿಕೊಳ್ಳಿ. ಪಟ್ಟಿ ಇಳಿಯಲು ಹೆಚ್ಚು ಡೇಟಾ ಬೇಕಾಗುವುದಿಲ್ಲ. ಅದೇ ಉಬುಂಟು ಆವೃತ್ತಿಯ ಉಳಿದ ಯಂತ್ರಗಳಿಗೆ ಅದೇ ಫೋಲ್ಡರ್ ಸಾಮಾನ್ಯವಾಗಿ ಸಾಕು.