‘ಎನ್ನಲಾಗಿದೆ’ ಅಂದವರು ಯಾರು?

ನಮಸ್ಕಾರ.

ನಿಮ್ಮ ಲೇಖನ ಎರಡು ಸಲ ಓದಿದೆ. 2001ರ ನಂತರ ಅಮೆರಿಕ ಸಾರಿದ ‘ಭಯೋತ್ಪಾದನೆ ವಿರುದ್ಧದ ಸಮರ’ದಲ್ಲಿ ಗೆಲ್ಲುತ್ತಿದ್ದೇವೆ ಎಂದು ಅಲ್ಲಿನ ಸರ್ಕಾರ ಹೇಳಿದ್ದನ್ನೆಲ್ಲ ನಂಬಬಾರದಿತ್ತು ಅನ್ನೋದು ನಿಮ್ಮ ವಾದ. ವಿಷಯ ಒಳ್ಳೆಯದು. ಭಾಷೆ ಸಲೀಸು. ಓದಿಸಿಕೊಂಡು ಹೋಗುತ್ತದೆ. ಹೊಗಳಿಕೆ ಇಷ್ಟು ಸಾಕು.

ನನಗೆ ಸಿಟ್ಟು ಬಂದಿದ್ದು ಒಂದು ಪದಕ್ಕೆ. ‘ಎನ್ನಲಾಗಿದೆ.’ ಪೆನ್ಸಿಲ್ ಹಿಡಿದು ಎಣಿಸಿದೆ. ಆರು ಪುಟಗಳಲ್ಲಿ 14 ಸಲ. ‘ಹೇಳಲಾಗುತ್ತದೆ’, ‘ಎಂಬ ಮಾತಿದೆ’ ಇವೆಲ್ಲ ಬೇರೆ ಲೆಕ್ಕ. ಸರ್ಕಾರದ ಮಾತು ನಂಬಬೇಡಿ ಅಂತ ಹೇಳಲು ಹೊರಟವರು, ಆ ಮಾತು ಆಡಿದವರನ್ನೇ ಬಚ್ಚಿಟ್ಟರೆ ಹೇಗೆ?

ಮೊದಲ ಸಾಲು ನೋಡಿ. ‘ಸಮರದಲ್ಲಿ 2003ರಲ್ಲೇ ಗೆದ್ದಾಯಿತು ಎನ್ನಲಾಗಿತ್ತು.’ ಯಾರು ಅಂದರು? ಆ ವರ್ಷ ಮೇ 1ರಂದು ಅಧ್ಯಕ್ಷ ಜಾರ್ಜ್ ಬುಷ್ ‘ಅಬ್ರಹಾಂ ಲಿಂಕನ್’ ಎಂಬ ಯುದ್ಧನೌಕೆಯ ಮೇಲೆ ನಿಂತು ಮಾತಾಡಿದರು. ಹಿಂದೆ ‘ಮಿಷನ್ ಅಕಾಂಪ್ಲಿಶ್ಡ್’ ಅನ್ನೋ ದೊಡ್ಡ ಬ್ಯಾನರ್. ಕೆಲಸ ಮುಗಿಯಿತು ಅಂತ. ಆದರೆ ಅವರು ಬಾಯಿಬಿಟ್ಟು ಹೇಳಿದ್ದು ಇರಾಕಿನಲ್ಲಿ ಪ್ರಮುಖ ಕಾದಾಟ ಮುಗಿಯಿತು ಎಂದಷ್ಟೇ. ಭಯೋತ್ಪಾದನೆ ವಿರುದ್ಧದ ಸಮರ ಮುಗಿದಿಲ್ಲ ಅಂತಲೂ ಅದೇ ಭಾಷಣದಲ್ಲಿದೆ. ಗೆದ್ದ ಖುಷಿಯೆಲ್ಲ ಬ್ಯಾನರಿಗೆ, ಎಚ್ಚರಿಕೆಯೆಲ್ಲ ಭಾಷಣಕ್ಕೆ. ಎಂಥ ಹಂಚಿಕೆ! ಇದೊಂದರಲ್ಲೇ ಎರಡು ಪುಟಕ್ಕಾಗುವ ಸರಕಿತ್ತು. ನಿಮ್ಮ ‘ಎನ್ನಲಾಗಿತ್ತು’ ಅದನ್ನು ನುಂಗಿ ಹಾಕಿತು.

ಎರಡನೇ ಪುಟ. ‘ಅಂಕಿಅಂಶಗಳನ್ನು ತಿರುಚಲಾಯಿತು ಎಂಬುದು ಎಲ್ಲರಿಗೂ ಗೊತ್ತು.’ ನನಗೆ ಗೊತ್ತಿಲ್ಲ ಅಂತಲೇ ಇಟ್ಟುಕೊಳ್ಳಿ. ಯಾವ ಅಂಕಿ? 2004ರ ಏಪ್ರಿಲ್‌ನಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ಹಿಂದಿನ ವರ್ಷದ ಭಯೋತ್ಪಾದನಾ ದಾಳಿಗಳ ವರದಿ ಹೊರತಂದಿತು. ಜಗತ್ತಿನಲ್ಲಿ 190 ದಾಳಿ, 307 ಸಾವು. ದಾಳಿಗಳು 1969ರಿಂದೀಚೆಗೆ ಇಷ್ಟು ಕಡಿಮೆಯಾಗಿದ್ದೇ ಇಲ್ಲ ಅಂದರು. ನಾವು ಮೇಲುಗೈ ಸಾಧಿಸುತ್ತಿದ್ದೇವೆ ಅನ್ನೋದಕ್ಕೆ ಈ ಪುಟಗಳೇ ಸಾಕ್ಷಿ ಎಂದರು ಉಪ ವಿದೇಶಾಂಗ ಸಚಿವ ರಿಚರ್ಡ್ ಆರ್ಮಿಟೇಜ್. ಅಲನ್ ಕ್ರೂಗರ್, ಡೇವಿಡ್ ಲೈಟಿನ್ ಎಂಬ ಇಬ್ಬರು ಪ್ರೊಫೆಸರ್‌ಗಳು ವರದಿಯ ಕೊನೆಯಲ್ಲಿದ್ದ ದಾಳಿಗಳ ಪಟ್ಟಿಯನ್ನು ಕೂತು ಲೆಕ್ಕ ಹಾಕಿದರು. ಪಟ್ಟಿ ನವೆಂಬರ್ 11ಕ್ಕೇ ನಿಂತಿತ್ತು! ಆಮೇಲೆ ಅದೇ ತಿಂಗಳು ಇಸ್ತಾಂಬುಲ್‌ನಲ್ಲಿ ಆದ ಬಾಂಬ್ ಸ್ಫೋಟಗಳು ಅದರಲ್ಲಿ ಇರಲೇ ಇಲ್ಲ. ಜೂನ್‌ನಲ್ಲಿ ತಿದ್ದಿದ ಲೆಕ್ಕ ಬಂತು. 208 ದಾಳಿ, 625 ಸಾವು. ಇದು ಲೆಕ್ಕದ ತಪ್ಪು, ಬೇಕಂತ ಮಾಡಿದ್ದಲ್ಲ ಅಂದರು ವಿದೇಶಾಂಗ ಸಚಿವ ಕಾಲಿನ್ ಪವೆಲ್. ಮುಂದಿನ ವರ್ಷ ಇಲಾಖೆಯ ವರದಿಯಿಂದ ಅಂಕಿಗಳೇ ಮಾಯ.

‘ತಿರುಚಲಾಯಿತು’ ಅನ್ನಲು ನಿಮ್ಮ ಹತ್ತಿರ ಪುರಾವೆ ಇದೆಯಾ? ಇಲ್ಲ ಅಲ್ವಾ? ಎಣಿಕೆ ನಿಂತ ತಾರೀಕು ಕೊಡಿ, ಸುಮ್ನೆ ಪಕ್ಕಕ್ಕೆ ಸರಿಯಿರಿ. ಓದುಗರು ತಾವೇ ಹುಬ್ಬೇರಿಸುತ್ತಾರೆ.

ನಾನೂ ಇದನ್ನು ಪೆಟ್ಟು ತಿಂದೇ ಕಲಿತೆ. ಆಗ ಒಂದು ಪತ್ರಿಕೆಯ ರಾತ್ರಿ ಪಾಳಿಯಲ್ಲಿ ಟ್ರೈನಿ. ಏಜೆನ್ಸಿ ಸುದ್ದಿಯನ್ನು ಕನ್ನಡಕ್ಕೆ ಇಳಿಸುವ ಕೆಲಸ. ಅಫ್ಘಾನಿಸ್ತಾನದ ಒಂದು ವಾಯುದಾಳಿಯ ಸುದ್ದಿ ಬಂತು. ಸತ್ತವರೆಲ್ಲ ಉಗ್ರರು ಎಂದು ಸೇನೆ ಹೇಳಿದೆ ಅಂತಿತ್ತು. ಒಂದು ಕಾಲಂ ಶೀರ್ಷಿಕೆಗೆ ಜಾಗ ಸಾಲಲಿಲ್ಲ. ‘ಸೇನೆ ಹೇಳಿದೆ’ ಕತ್ತರಿಸಿದೆ. ಮರುದಿನ ಮುಖ್ಯ ಉಪಸಂಪಾದಕರು ಪೇಪರ್ ಹಿಡಿದು ಬಂದು, ‘ನೀನು ಹೋಗಿ ಹೆಣ ನೋಡಿ ಬಂದ್ಯಾ?’ ಅಂದರು. ಅಷ್ಟೇ. ಓದುಗರಿಂದ ಒಂದು ಪತ್ರವೂ ಬರಲಿಲ್ಲ. ನನ್ನನ್ನು ಜಾಸ್ತಿ ಕಾಡಿದ್ದು ಅದು.

ಆಮೇಲೆ ಹೆದರಿಕೊಂಡು ಏನು ಮಾಡಿದೆ ಗೊತ್ತಾ? ಎಲ್ಲದಕ್ಕೂ ‘ಎನ್ನಲಾಗಿದೆ’ ಅಂಟಿಸಿದೆ. ಮಳೆ ಸುದ್ದಿಗೂ! ಮಳೆ ಬಂದಿದೆ ಎನ್ನಲಾಗಿದೆ. ಅವರು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ‘ಯಾರು?’ ಅಂತ ಬರೆದು ವಾಪಸ್ ಕೊಡುತ್ತಿದ್ದರು. ಹಾಗಾಗಿ ನಿಮ್ಮ ಕಾಯಿಲೆ ನನಗೂ ಬಂದು ಹೋದದ್ದೇ.

ಅದರ ಕೆಟ್ಟ ಲಕ್ಷಣ ನಾಲ್ಕನೇ ಪುಟದಲ್ಲಿದೆ. ‘ಡ್ರೋನ್ ದಾಳಿಗಳಲ್ಲಿ ಅಮಾಯಕರೂ ಬಲಿಯಾಗಿದ್ದಾರೆ ಎನ್ನಲಾಗಿದೆ.’ 2021ರ ಆಗಸ್ಟ್ 29ರಂದು ಕಾಬೂಲ್‌ನಲ್ಲಿ ಒಂದು ಕಾರಿನ ಮೇಲೆ ಅಮೆರಿಕ ಡ್ರೋನ್ ದಾಳಿ ನಡೆಸಿತು. ಅದು ನ್ಯಾಯವಾದ ದಾಳಿ ಎಂದಿದ್ದರು ಅಲ್ಲಿನ ಸೇನಾಪಡೆಗಳ ಜಂಟಿ ಮುಖ್ಯಸ್ಥರ ಮಂಡಳಿಯ ಅಧ್ಯಕ್ಷ ಜನರಲ್ ಮಾರ್ಕ್ ಮಿಲಿ. ಸೆಪ್ಟೆಂಬರ್ 17ರಂದು ಪೆಂಟಗನ್, ಅಂದರೆ ಅಲ್ಲಿನ ರಕ್ಷಣಾ ಇಲಾಖೆ, ತಪ್ಪೊಪ್ಪಿಕೊಂಡಿತು. ಸತ್ತ 10 ಜನರೂ ನಾಗರಿಕರು, ಅವರಲ್ಲಿ 7 ಮಕ್ಕಳು. ಸರ್ಕಾರವೇ ಒಪ್ಪಿಕೊಂಡದ್ದನ್ನು ನೀವು ಗಾಳಿಮಾತು ಮಾಡಿಬಿಟ್ಟಿರಿ!

ಇನ್ನು ಐದನೇ ಪುಟದ ಅಡಿಯಲ್ಲಿ, ಆವರಣದೊಳಗೆ, ಅರ್ಧ ಸಾಲು. ರಕ್ಷಣಾ ಸಚಿವ ಡೊನಾಲ್ಡ್ ರಮ್ಸ್‌ಫೆಲ್ಡ್ 2003ರ ಅಕ್ಟೋಬರ್ 16ರಂದು ತಮ್ಮವರಿಗೇ ಬರೆದ ಟಿಪ್ಪಣಿ. ಈ ಸಮರ ಗೆಲ್ಲುತ್ತಿದ್ದೇವೋ ಸೋಲುತ್ತಿದ್ದೇವೋ ತಿಳಿಯಲು ನಮ್ಮಲ್ಲಿ ಅಳತೆಗೋಲೇ ಇಲ್ಲ ಅನ್ನುತ್ತಾರೆ. ಬ್ಯಾನರ್ ಕಟ್ಟಿ ಆರು ತಿಂಗಳೂ ಆಗಿರಲಿಲ್ಲ. ಇಂಥದ್ದನ್ನು ಮೂಲೆಗೆ ತಳ್ಳಿದಿರಲ್ಲ ಮಾರಾಯರೇ! ಅದಕ್ಕೂ ಒಂದು ‘ಎನ್ನಲಾಗಿದೆ’ ಬಾಲ.

ಅದನ್ನು ಮೊದಲ ಸಾಲಿಗೆ ತನ್ನಿ, ಬಾಲ ಕತ್ತರಿಸಿ. ಉಳಿದ 13 ಕಡೆ ಹೆಸರು, ತಾರೀಕು ಹಾಕಿ. ಸಿಗದಿದ್ದರೆ ಆ ಸಾಲು ಹೊಡೆದುಹಾಕಿ. ಮೂರು ಪುಟಕ್ಕೆ ಇಳಿದರೂ ಪರವಾಗಿಲ್ಲ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

ಇಂತಿ,
ಸಂಪಾದಕ